ಖಳ ಕುಸ್ತಿಪಟುವನ್ನು ಕಟ್ಟುವುದು, ಅವನ ಹಗೆಯನ್ನು ನಡೆಸುವುದು: ಡೆಟ್ರಾಯಿಟ್‌ನ ಶೇಖ್‌ನಿಂದ ಕಲಿಯಬಹುದಾದದ್ದು

ವೃತ್ತಿಪರ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂದು ಮೊದಲೇ ಗೊತ್ತುಮಾಡಿರುತ್ತಾರೆ. ಗೊತ್ತಿಲ್ಲದೆ ಉಳಿಯುವುದು ಒಂದೇ, ಜನ ಮುಂದಿನ ಸಲವೂ ಟಿಕೆಟ್ ಕೊಂಡು ಬರುತ್ತಾರೆಯೇ ಎಂಬುದು. ಅವರನ್ನು ಮತ್ತೆ ಬರಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಖಳನದು. ಕುಸ್ತಿಯವರು ಅವನನ್ನು ‘ಹೀಲ್’ ಎನ್ನುತ್ತಾರೆ, ನಾಯಕನನ್ನು ‘ಬೇಬಿಫೇಸ್’ ಎನ್ನುತ್ತಾರೆ. ನಾಯಕನನ್ನು ಜನ ಮೆಚ್ಚುತ್ತಾರೆ, ನಿಜ. ಆದರೆ ಖಳ ಮಣ್ಣು ಮುಕ್ಕುವುದನ್ನು ಕಣ್ಣಾರೆ ನೋಡಲೇಬೇಕೆಂಬ ಹಟಕ್ಕೆ ಬಿದ್ದಾಗ ಅವರು ಟಿಕೆಟ್ ಸಾಲಿನಲ್ಲಿ ನಿಲ್ಲುತ್ತಾರೆ.

ಸಣ್ಣ ಪ್ರದರ್ಶನ ನಡೆಸುವವರಿಗೆ, ಪಂದ್ಯಗಳ ಕಥೆ ಹೆಣೆಯುವ ‘ಬುಕರ್’ಗಳಿಗೆ, ಕುಸ್ತಿಯನ್ನು ಇಟ್ಟುಕೊಂಡು ಕಥೆಯೋ ವೆಬ್ ಸರಣಿಯೋ ಬರೆಯಹೊರಟವರಿಗೆ ಈ ಬರಹ. ಮಾದರಿಯಾಗಿ ಇಟ್ಟುಕೊಂಡಿರುವುದು ಎಡ್ ಫರ್ಹಾಟ್‌ನ ವೃತ್ತಿಜೀವನವನ್ನು. ಮಿಷಿಗನ್‌ನ ಲ್ಯಾನ್ಸಿಂಗ್‌ನಲ್ಲಿ ಲೆಬನಾನ್ ಮೂಲದ ಮನೆಯಲ್ಲಿ ಹುಟ್ಟಿದ ಈತ ರಿಂಗಿನಲ್ಲಿ ‘ದಿ ಶೇಖ್’ ಆದ. 1964ರಲ್ಲಿ ಡೆಟ್ರಾಯಿಟ್ ಇಲಾಕೆಯನ್ನೇ, ಎಂದರೆ ಆ ಊರಿನ ಸುತ್ತ ಪಂದ್ಯ ನಡೆಸುವ ಹಕ್ಕನ್ನೇ ಕೊಂಡು, ‘ಬಿಗ್ ಟೈಮ್ ರೆಸ್ಲಿಂಗ್’ ಹೆಸರಿನಲ್ಲಿ 1980ರವರೆಗೆ ನಡೆಸಿದ. ಖಳನೊಬ್ಬ ಸಭಾಂಗಣವನ್ನು ಹೇಗೆ ತುಂಬಿಸುತ್ತಾನೆ, ಅದೇ ಖಳ ಅದನ್ನು ಹೇಗೆ ಖಾಲಿ ಮಾಡಿಸುತ್ತಾನೆ, ಎರಡಕ್ಕೂ ಅವನ ಬದುಕಿಗಿಂತ ಒಳ್ಳೆಯ ಪಾಠ ಸಿಗುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ನಮ್ಮ ಗರಡಿಮನೆಯ ಮಣ್ಣಿನ ಕುಸ್ತಿಗೂ ಇದಕ್ಕೂ ಸಂಬಂಧವಿಲ್ಲ. ಮೈಸೂರು ದಸರೆಯ ಅಖಾಡದಲ್ಲಿ ಖಳನಿಗೆ ಜಾಗವಿಲ್ಲ, ಇರಲೂಬಾರದು. ನಮ್ಮ ಹಿರಿಯರು ಇಂಥ ಆಟ ನೋಡಿದ್ದರೆ ಅದು ದಾರಾ ಸಿಂಗ್ ಕಾಲದ ಫ್ರೀಸ್ಟೈಲ್ ಪಂದ್ಯಗಳಲ್ಲಿ. ಹಂಗೇರಿ ಮೂಲದ ದೈತ್ಯ ಕಿಂಗ್ ಕಾಂಗ್ ಅಲ್ಲಿನ ಖಳ. ಅವನಿಲ್ಲದೆ ದಾರಾ ಸಿಂಗ್‌ಗೆ ಆ ಮಟ್ಟದ ಹೆಸರು ಬರುತ್ತಿತ್ತೇ ಎಂಬುದು ಕೇಳಲೇಬೇಕಾದ ಪ್ರಶ್ನೆ.

ಮೊದಲು ಇಲಾಕೆ, ಆಮೇಲೆ ಖಳ

1948ರಲ್ಲಿ ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್ ಹುಟ್ಟಿದ ಮೇಲೆ ಅಮೆರಿಕದ ಪ್ರವರ್ತಕರು ದೇಶವನ್ನು ಇಲಾಕೆಗಳಾಗಿ ಹಂಚಿಕೊಂಡರು. ಒಬ್ಬೊಬ್ಬರಿಗೂ ಒಂದು ದೊಡ್ಡ ಊರು, ಸುತ್ತ ಏಳೆಂಟು ಸಣ್ಣ ಊರು, ಸ್ಥಳೀಯ ಟಿವಿಯಲ್ಲಿ ವಾರಕ್ಕೊಂದು ಕಾರ್ಯಕ್ರಮ. ಟಿವಿ ಕಾರ್ಯಕ್ರಮದ ಕೆಲಸ ಸಭಾಂಗಣದ ಪಂದ್ಯಕ್ಕೆ ಜಾಹೀರಾತಾಗುವುದು. ಟಿವಿಯಲ್ಲಿ ಜಗಳ ಹತ್ತಿಸುತ್ತಿದ್ದರು, ಅದರ ತೀರ್ಮಾನ ನೋಡಲು ಟಿಕೆಟ್ ಕೊಳ್ಳಬೇಕಾಗಿತ್ತು. ನಿಮ್ಮ ಟಿವಿ ಇವತ್ತು ಯೂಟ್ಯೂಬ್ ಆಗಿರಬಹುದು, ನಿಯಮ ಅದೇ. ದೊಡ್ಡ ಪಂದ್ಯವನ್ನು ಪುಕ್ಕಟೆ ತೋರಿಸಿದರೆ ಸಭಾಂಗಣಕ್ಕೆ ಯಾರೂ ಬರುವುದಿಲ್ಲ.

ಖಳನನ್ನು ರೂಪಿಸುವ ಮುನ್ನ ಪ್ರದರ್ಶನಗಳ ನಡುವಿನ ಅಂತರ ಗೊತ್ತುಮಾಡಿಕೊಳ್ಳಿ, ಅವನ ಆಯಸ್ಸು ಅದರ ಮೇಲೆ ನಿಂತಿದೆ. ಇಲಾಕೆಗಳ ಕಾಲದಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಶನಿವಾರ ಬೆಳಿಗ್ಗೆ ತೊಂಬತ್ತು ನಿಮಿಷದ ನೇರ ಪ್ರಸಾರ, ಸೋಮವಾರ ರಾತ್ರಿ ಮಿಡ್-ಸೌತ್ ಕಲೀಸಿಯಮ್‌ನಲ್ಲಿ ಪಂದ್ಯ, ವರ್ಷವಿಡೀ ಪ್ರತಿ ವಾರ ಇರುತ್ತಿತ್ತು. ಅಂಥ ಕಡೆ ಒಂದು ಹಗೆ ನಾಲ್ಕಾರು ವಾರದಲ್ಲಿ ಹಳಸುತ್ತದೆ. ಎರಡು ವಾರಕ್ಕೊಮ್ಮೆ ನಡೆಸುವವರಿಗೆ ಅದೇ ಹಗೆ ಎರಡೂವರೆ ಮೂರು ತಿಂಗಳು ಬಾಳುತ್ತದೆ. ತಿಂಗಳಿಗೊಮ್ಮೆ ನಡೆಸುವುದಾದರೆ ಒಂದು ಹಗೆಗೆ ನಾಲ್ಕು ಪ್ರದರ್ಶನಕ್ಕಿಂತ ಹೆಚ್ಚು ಇಡಬೇಡಿ. ಹಿಂದಿನ ಸಲ ಏನಾಯಿತೆಂದು ಜನ ಅಷ್ಟರಲ್ಲಿ ಮರೆತಿರುತ್ತಾರೆ.

ಖಳನಿಗೆ ಬೇಕಾದ ನಾಲ್ಕು ಸಾಮಾನು

ಶೇಖ್‌ನ ಬಳಿ ಇದ್ದದ್ದು ಬಹಳ ಕಡಿಮೆ. ತಲೆಗೆ ಅರಬ್ಬೀ ರುಮಾಲು, ಮೂತಿ ಮೇಲೆ ಬಾಗಿದ ಬೂಟು, ಪಂದ್ಯಕ್ಕೆ ಮುನ್ನ ಹಾಸುವ ಚಾಪೆ. ಕ್ಯಾಮೆಲ್ ಕ್ಲಚ್ ಎಂಬ ಒಂದೇ ಒಂದು ಹಿಡಿತ. ಎಲ್ಲಿಂದಲೋ ಕೈಗೆ ಬರುವ ಒಂದು ಪೆನ್ಸಿಲ್. ಜತೆಗೆ ಅವನ ಪರವಾಗಿ ಮಾತಾಡುವ ಮ್ಯಾನೇಜರ್. ಇಷ್ಟರಲ್ಲೇ ಅವನು ಮೂವತ್ತು ವರ್ಷ ದುಡಿದ. ನಿಮ್ಮ ಖಳನಿಗೂ ಇದಕ್ಕಿಂತ ಹೆಚ್ಚು ಬೇಡ. ಒಂದು ನೋಟ, ಒಂದು ಹಿಡಿತ, ಒಂದು ಮೋಸ, ಒಂದು ಬಾಯಿ, ಸಾಕು.

ನೋಟದಿಂದ ಶುರು ಮಾಡೋಣ. ಯಕ್ಷಗಾನದ ಬಣ್ಣದ ವೇಷ ತೆರೆಯ ಹಿಂದೆ ನಿಂತೇ ಅಬ್ಬರಿಸಿ, ಮುಖ ತೋರಿಸಲು ಸತಾಯಿಸಿ, ನೋಡುವವರ ಎದೆಯಲ್ಲಿ ಮೊದಲೇ ಜಾಗ ಹಿಡಿಯುತ್ತದಲ್ಲ, ಖಳನ ಪ್ರವೇಶವೂ ಹಾಗೆ ನಿಧಾನವಾಗಿರಬೇಕು. ಬಾಗಿಲಿನಿಂದ ರಿಂಗಿಗೆ ನಡೆಯಲು ನಾಯಕ ಮೂವತ್ತು ಸೆಕೆಂಡು ತೆಗೆದುಕೊಂಡರೆ ಖಳ ತೊಂಬತ್ತು ತೆಗೆದುಕೊಳ್ಳಲಿ. ಶೇಖ್ ಚಾಪೆ ಹಾಸಿ ಮಂಡಿಯೂರಿ ಕೂತಷ್ಟು ಹೊತ್ತೂ ಜನ ಕೂಗುತ್ತಲೇ ಇರುತ್ತಿದ್ದರು. ಗಂಟೆ ಹೊಡೆಯುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತಿತ್ತು.

ಆದರೆ ಅವನ ವೇಷದ ಬೇರು ಪರದೇಶದವನೆಂದರೆ ಅನುಮಾನ ಎಂಬ ಆ ಕಾಲದ ಅಮೆರಿಕದ ಮನಸ್ಸಿನಲ್ಲಿತ್ತು. ಅದನ್ನು ಇವತ್ತು ಎತ್ತಿಕೊಳ್ಳಬೇಡಿ. ಧರ್ಮ, ಜಾತಿ, ಭಾಷೆ ಇವುಗಳ ಮೇಲೆ ಖಳನನ್ನು ಕಟ್ಟಿದರೆ ಬೈಗುಳ ಅವನೊಬ್ಬನ ಮೇಲೆ ನಿಲ್ಲುವುದಿಲ್ಲ, ಅವನ ಹಾಗೆ ಕಾಣುವ ಪ್ರೇಕ್ಷಕನ ಮೇಲೂ ಬೀಳುತ್ತದೆ. ಕರ್ನಾಟಕದಲ್ಲಿ ಪ್ರದರ್ಶನ ನಡೆಸುವವರಂತೂ ಕಾವೇರಿ ನೀರನ್ನಾಗಲಿ ಗಡಿ ತಕರಾರನ್ನಾಗಲಿ ರಿಂಗಿನ ಹತ್ತಿರ ಸುಳಿಯಗೊಡಬಾರದು. ಸೊಕ್ಕು, ಜಿಪುಣತನ, ಹೇಡಿತನ, ಗುರುದ್ರೋಹ, ಗೆಳೆಯನ ಬೆನ್ನಿಗೆ ಇರಿಯುವುದು, ಇವು ಯಾವ ಊರಿನಲ್ಲಾದರೂ ಜನರ ಮೈ ಉರಿಸುತ್ತವೆ, ಯಾರಿಗೂ ಗಾಯ ಮಾಡುವುದಿಲ್ಲ.

ಎರಡನೆಯದು ಹಿಡಿತ. ಕ್ಯಾಮೆಲ್ ಕ್ಲಚ್‌ನಲ್ಲಿ ಎದುರಾಳಿ ಬೋರಲು ಮಲಗಿರುತ್ತಾನೆ, ಖಳ ಅವನ ಬೆನ್ನ ಮೇಲೆ ಕೂತು, ಅವನ ತೋಳುಗಳನ್ನು ತನ್ನ ತೊಡೆಗಳ ಮೇಲೆ ಹಾಕಿಕೊಂಡು, ಗದ್ದ ಹಿಡಿದು ಹಿಂದಕ್ಕೆಳೆಯುತ್ತಾನೆ. ಅಭ್ಯಾಸ ಮಾಡುವಾಗ ನೋಡಬೇಕಾದ್ದು ಎರಡು. ಖಳನ ಭಾರ ಅವನ ಪಾದ ಮತ್ತು ತೊಡೆಯ ಮೇಲಿರಬೇಕು, ಕೆಳಗಿನವನ ಸೊಂಟದ ಮೇಲೆ ಬೀಳಬಾರದು. ಬೆರಳುಗಳು ಗದ್ದದ ಕೆಳಗೆ ಬಿಗಿಯಾಗಿ ಹೆಣೆದಂತೆ ಕಾಣಬೇಕು, ಎಳೆತ ಮಾತ್ರ ಇರಬಾರದು. ಕತ್ತು ಹಿಂದಕ್ಕೆ ಬಾಗುವುದನ್ನು ಕೆಳಗಿರುವವನೇ ಮಾಡುತ್ತಾನೆ. ನಾಲ್ಕು ಬದಿಯ ಜನರಿಗೂ ಮುಖ ಕಾಣುವ ಹಿಡಿತ ಆರಿಸಿಕೊಳ್ಳಿ. ಮುಖ ಮುಚ್ಚುವ ಹಿಡಿತದಲ್ಲಿ ನೋವು ಎಷ್ಟಿದ್ದರೂ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ. ಅಮೆರಿಕದಲ್ಲಿ ಎಲ್ಲರೂ ಎದುರಾಳಿಯ ಎಡಗೈ, ಎಡಗಾಲನ್ನೇ ಹಿಡಿಯುವ ರೂಢಿಯಿದೆ. ಅಪರಿಚಿತರಿಬ್ಬರು ಎದುರಾದರೂ ಯಾವ ಬದಿ ಬರುತ್ತದೆಂದು ಇಬ್ಬರಿಗೂ ಗೊತ್ತಿರುತ್ತದೆ. ನಿಮ್ಮ ತಂಡದಲ್ಲೂ ಅದನ್ನೇ ಖಡಾಖಂಡಿತ ಮಾಡಿ.

ಮೂರನೆಯದಾದ ಮೋಸವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಖಳನ ಕಸುಬೆಲ್ಲ ಇರುವುದು ಅಲ್ಲಿ. ಪೆನ್ಸಿಲ್‌ನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಖಳ ರೆಫರಿಗೆ ಬೆನ್ನಾಗಿ ಪೂರ್ವದ ಬದಿಯ ಜನರಿಗೆ ಮುಖ ಮಾಡಿ ನಿಲ್ಲುತ್ತಾನೆ. ಚಡ್ಡಿಯ ಪಟ್ಟಿಯಿಂದ ವಸ್ತು ತೆಗೆದು, ಎದೆಯ ಹತ್ತಿರ ಹಿಡಿದು, ಒಂದು ಉಸಿರಿನಷ್ಟು ಹೊತ್ತು ಅವರಿಗೆ ತೋರಿಸಿ ಮುಷ್ಟಿಯೊಳಗೆ ಸೇರಿಸುತ್ತಾನೆ. ಪೂರ್ವದವರು ಎದ್ದು ಬೆರಳು ತೋರಿಸಿ ಕೂಗುತ್ತಾರೆ. ನಾಯಕನ ಹಣೆಗೆ ಒಂದು ಪೆಟ್ಟು. ರೆಫರಿ ಬಂದು ಬಲಗೈ ತೋರಿಸು ಎನ್ನುತ್ತಾನೆ, ಅಷ್ಟರಲ್ಲಿ ವಸ್ತು ಬೆನ್ನ ಹಿಂದೆ ಎಡಗೈಗೆ ಹೋಗಿರುತ್ತದೆ. ಎಡಗೈ ಕೇಳಿದಾಗ ಬಲಗೈಗೆ. ಈ ಹೊತ್ತಿಗೆ ಪಶ್ಚಿಮದ ಬದಿಯವರೂ ನೋಡಿಬಿಟ್ಟಿರುತ್ತಾರೆ. ಇಡೀ ಸಭಾಂಗಣಕ್ಕೆ ಸತ್ಯ ಗೊತ್ತು, ತೀರ್ಪು ಕೊಡುವವನೊಬ್ಬನಿಗೆ ಗೊತ್ತಿಲ್ಲ. ಜನರ ಹೊಟ್ಟೆಯಲ್ಲಿ ಬೆಂಕಿ ಬೀಳುವುದು ಪೆಟ್ಟಿಗಿಂತ ಹೆಚ್ಚಾಗಿ ಈ ಅಸಹಾಯಕತೆಯಿಂದ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ರೆಫರಿ ಮೋಸವನ್ನು ನೇರ ನೋಡಿಯೂ ಸುಮ್ಮನಿರುವುದು. ಆಗ ಜನ ಖಳನನ್ನು ಬಿಟ್ಟು ರೆಫರಿಯನ್ನು, ಅವನ ಮೂಲಕ ಪ್ರದರ್ಶನ ನಡೆಸುವವರನ್ನು ಬಯ್ಯಲು ತೊಡಗುತ್ತಾರೆ. ಮೋಸದ ಕ್ಷಣದಲ್ಲಿ ರೆಫರಿಗೆ ಬೇರೆ ಕಡೆ ನೋಡಲು ಒಂದು ಕಾರಣ ಇರಲೇಬೇಕು. ಮ್ಯಾನೇಜರ್ ರಿಂಗಿನ ಅಂಚಿಗೆ ಹತ್ತಿರಬೇಕು, ಇಲ್ಲವೇ ನಾಯಕನ ಗೆಳೆಯ ಸಿಟ್ಟಿಗೆದ್ದು ಒಳನುಗ್ಗಲು ಹೋಗಿರಬೇಕು. ಎರಡನೆಯದು ಇನ್ನೂ ಒಳ್ಳೆಯದು. ಕಾಪಾಡಲು ಬಂದವನೇ ಮೋಸಕ್ಕೆ ದಾರಿ ಮಾಡಿಕೊಟ್ಟಂತಾಗುತ್ತದೆ.

ವಸ್ತು ಯಾವತ್ತೂ ನಿಜವಾದ ಚೂಪಿನದಾಗಿರಬಾರದು. ಮೆತ್ತನೆಯ ರಬ್ಬರಿನದನ್ನು ಮುಷ್ಟಿಯೊಳಗೆ ಪೂರ್ತಿ ಮುಚ್ಚಿ ಹಿಡಿದು, ಮುಷ್ಟಿಯ ಕಿರುಬೆರಳಿನ ಕಡೆಯಿಂದ ತಾಕಿಸಿದರೆ ಸಾಕು. ಶೇಖ್‌ನ ಕಾಲದವರು ಹಣೆ ಕೊಯ್ದುಕೊಂಡು ರಕ್ತ ತರಿಸುತ್ತಿದ್ದರು, ಅವನ ಹಣೆ ತುಂಬ ಆ ಗೆರೆಗಳೇ ಇದ್ದವು. ಅದನ್ನು ಮಾಡಬೇಡಿ, ನಿಮ್ಮ ಹುಡುಗರಿಗೆ ಮಾಡಲು ಬಿಡಬೇಡಿ. ರಿಂಗಿನಲ್ಲಿ ಬ್ಲೇಡಿನಿಂದ ಹೆಪಟೈಟಿಸ್ ಸಿ ಅಂಟಿಸಿದ್ದಕ್ಕೆ ಕೆನಡಾದ ಆಂಟೇರಿಯೊ ನ್ಯಾಯಾಲಯ 2014ರಲ್ಲಿ ಒಬ್ಬ ಹೆಸರಾಂತ ಖಳನ ಮೇಲೆ ಇಪ್ಪತ್ತು ಲಕ್ಷ ಡಾಲರ್‌ಗೂ ಮೀರಿದ ಪರಿಹಾರ ಹೊರಿಸಿತು. ಬೆಂಕಿಯೂ ಬೇಡ. ಶೇಖ್ ಅಂಗೈಯಿಂದ ಬೆಂಕಿಯುಂಡೆ ಎಸೆಯುವುದಕ್ಕೆ ಹೆಸರಾಗಿದ್ದ. ಅದೇ ಶೇಖ್ 1992ರಲ್ಲಿ ಜಪಾನಿನ ಎಫ್‌ಎಂಡಬ್ಲ್ಯೂ ಸಂಸ್ಥೆ ರಿಂಗಿನ ಸುತ್ತ ಬೆಂಕಿ ಹಚ್ಚಿ ನಡೆಸಿದ ಪಂದ್ಯದಲ್ಲಿ ತೀವ್ರವಾಗಿ ಸುಟ್ಟುಕೊಂಡ. ಆಗ ಅವನಿಗೆ ಅರವತ್ತು ದಾಟಿತ್ತು.

ನಾಲ್ಕನೆಯದು ಬಾಯಿ. ಶೇಖ್ ಜನರೆದುರು ಇಂಗ್ಲಿಷ್ ಮಾತಾಡುತ್ತಲೇ ಇರಲಿಲ್ಲ, ಅರ್ಥವಾಗದ ಗೊಣಗಾಟ, ದಿಟ್ಟಿಸುವ ಕಣ್ಣು, ಅಷ್ಟೇ. ಮಾತೆಲ್ಲ ಮ್ಯಾನೇಜರ್ ಅಬ್ದುಲ್ಲಾ ಫರೂಕ್‌ನದು. ಆ ವೇಷ ಹಾಕಿದ್ದ ಎರ್ನಿ ರಾತ್ ಮುಂದೆ ನ್ಯೂಯಾರ್ಕ್ ಕಡೆ ‘ಗ್ರ್ಯಾಂಡ್ ವಿಝರ್ಡ್’ ಎಂದು ಹೆಸರಾದವನು. ನಿಮ್ಮ ಖಳನಿಗೆ ಮೈಕ್ ಹಿಡಿದರೆ ನಾಲಿಗೆ ತೊದಲುತ್ತದೆಯೇ? ಅವನಿಂದ ಬಲವಂತವಾಗಿ ಮಾತಾಡಿಸಬೇಡಿ, ಬಾಯಿಬಡುಕ ಮ್ಯಾನೇಜರನನ್ನು ಕೊಡಿ. ಮೌನ ಆಗ ದೌರ್ಬಲ್ಯದಂತೆ ಕಾಣದೆ ಭಯ ಹುಟ್ಟಿಸುತ್ತದೆ.

ಮಾತಿನ ತುಣುಕಿಗೆ (‘ಪ್ರೋಮೋ’) ಎರಡು ನಿಮಿಷ ಮಿತಿ. ಊರಿನ ಹೆಸರು, ದಿನ, ಸಭಾಂಗಣ ಮೊದಲು ಬರಬೇಕು. ಆಮೇಲೆ ಕಳೆದ ಸಲ ಏನಾಯಿತೆಂಬುದು, ಅದಕ್ಕೊಂದು ನೆಪ, ಮುಂದೇನು ಮಾಡುತ್ತೇನೆಂಬ ಬೆದರಿಕೆ, ಕೊನೆಯ ಪದವಾಗಿ ಎದುರಾಳಿಯ ಹೆಸರು. ಇಲಾಕೆಯ ದಿನಗಳಲ್ಲಿ ಒಬ್ಬೊಬ್ಬ ಕುಸ್ತಿಪಟುವೂ ಒಂದೇ ಕೂಟದಲ್ಲಿ ಪ್ರತಿ ಊರಿಗೂ ಬೇರೆ ಬೇರೆ ತುಣುಕು ಹೇಳುತ್ತಿದ್ದ. ಆಯಾ ಊರಿನ ಟಿವಿಯಲ್ಲಿ ಆಯಾ ತುಣುಕು ಸೇರಿಸುತ್ತಿದ್ದರು. ಹುಬ್ಬಳ್ಳಿಗೂ ದಾವಣಗೆರೆಗೂ ಒಂದೇ ವಿಡಿಯೊ ಹಾಕಿ ಕೈತೊಳೆದುಕೊಳ್ಳುವವರು ಇದನ್ನು ಗಮನಿಸಬೇಕು. ಖಳ ತನ್ನನ್ನು ಕೆಟ್ಟವನೆಂದು ಒಪ್ಪಿಕೊಳ್ಳಲೇಬಾರದು, ಅವನ ಪ್ರಕಾರ ಅನ್ಯಾಯವಾಗಿರುವುದು ಅವನಿಗೇ. ಎದುರಾಳಿಯನ್ನು ಕೈಲಾಗದವನೆಂದು ಜರೆಯಲೂಬಾರದು. ಕೈಲಾಗದವನನ್ನು ಗೆದ್ದರೆ ಏನು ಬಂತು, ಅವನ ಕೈಲಿ ಸೋತರೆ ಇನ್ನೇನು ಉಳಿಯಿತು? ಸೊಕ್ಕಿನವನು, ಜನರಿಂದ ಉಬ್ಬಿದವನು ಎಂದು ಬಯ್ಯಲಿ.

ಊರನ್ನು ಕೆಣಕುವುದರಲ್ಲಿ ಮೆಂಫಿಸ್‌ನ ಉದಾಹರಣೆಯನ್ನು ಮೀರಿಸಿದ್ದಿಲ್ಲ. ಹಾಸ್ಯನಟ ಆಂಡಿ ಕಾಫ್‌ಮನ್ 1982ರಲ್ಲಿ ಅಲ್ಲಿನ ಜನರಿಗೆ ಸೋಪು ತೋರಿಸಿ ಅದನ್ನು ಬಳಸುವುದು ಹೇಗೆಂದು ಪಾಠ ಮಾಡುವ ವಿಡಿಯೊ ಕಳಿಸಿದ. ಒಂದು ಸಾಮಾನ್ಯ ಸಾಮಾನು, ಒಂದು ನಿಮಿಷದ ಮಾತು, ಇಡೀ ಊರಿಗೆ ಅವಮಾನ.

ನಾಯಕನ ಆಯ್ಕೆ

ಖಳನ ಮೇಲಿನ ಸಿಟ್ಟು ಹರಿದುಹೋಗಲು ಒಂದು ಪಾತ್ರೆ ಬೇಕು, ಅದು ನಾಯಕ. ಶೇಖ್‌ಗೆ ಸಿಕ್ಕವನು ಬೋಬೋ ಬ್ರೆಝಿಲ್. ನಿಜನಾಮ ಹ್ಯೂಸ್ಟನ್ ಹ್ಯಾರಿಸ್, ಮಿಷಿಗನ್‌ನದೇ ಬೆಂಟನ್ ಹಾರ್ಬರ್‌ನವನು, ‘ಕೋಕೋ ಬಟ್’ ಎಂಬ ತಲೆಡಿಕ್ಕಿಗೆ ಹೆಸರಾದವನು. ಕಪ್ಪು ಕುಸ್ತಿಪಟುಗಳನ್ನು ಬಿಳಿಯರ ಜತೆ ಆಡಿಸಲು ಹಿಂಜರಿಯುತ್ತಿದ್ದ ಕಾಲದಲ್ಲಿ ಆ ಗೋಡೆ ಒಡೆದವರಲ್ಲಿ ಅವನೊಬ್ಬ. ಡೆಟ್ರಾಯಿಟ್‌ನ ‘ಯು.ಎಸ್. ಹೆವಿವೇಟ್’ ಪಟ್ಟ ಇಬ್ಬರ ನಡುವೆ ವರ್ಷಗಟ್ಟಲೆ ಅತ್ತಿತ್ತ ಓಡಾಡಿತು. ಇಬ್ಬರ ಅಸ್ತ್ರಗಳೂ ಒಂದೇ ಜಾಗಕ್ಕೆ ಬಂದು ಕೂಡುತ್ತಿದ್ದದ್ದನ್ನು ನೋಡಿ. ಶೇಖ್ ಪೆನ್ಸಿಲ್‌ನಿಂದ ಬೋಬೋನ ಹಣೆಗೇ ಹೊಡೆಯುತ್ತಾನೆ, ಬೋಬೋ ಅದೇ ಹಣೆಯಿಂದ ತಿರುಗಿ ಹೊಡೆಯುತ್ತಾನೆ. ಎದುರಾಳಿಗಳನ್ನು ಜೋಡಿಸುವಾಗ ಇದನ್ನು ನೆನಪಿಡಿ. ಖಳ ಕೆಡಿಸಲು ಹೊರಡುವ ಅಂಗವೇ ನಾಯಕನ ಬಲವಾಗಿದ್ದರೆ ಪಂದ್ಯ ತಾನಾಗಿ ಅರ್ಥವಾಗುತ್ತದೆ, ವಿವರಣೆ ಬೇಕಿಲ್ಲ.

ಒಂದು ಪಂದ್ಯದ ಲೆಕ್ಕ

ಹನ್ನೆರಡು ನಿಮಿಷದ ಪಂದ್ಯವಾದರೆ ಮೊದಲ ಎರಡು ನಿಮಿಷ ಖಳ ಕೈಗೆ ಸಿಗಬಾರದು. ಹಗ್ಗದ ಆಚೆ ಇಳಿಯುತ್ತಾನೆ, ಮುಂದಿನ ಸಾಲಿನವರ ಜತೆ ಬಾಯಿಗೆ ಬಾಯಿ ಕೊಡುತ್ತಾನೆ, ರೆಫರಿ ಹತ್ತು ಎಣಿಸುವುದರೊಳಗೆ ಒಂಬತ್ತಕ್ಕೆ ಒಳಬರುತ್ತಾನೆ. ಮುಂದಿನ ಮೂರು ನಿಮಿಷ ನಾಯಕನದು. ಖಳ ಬೀಳುತ್ತಾನೆ, ಮೂಲೆಯಲ್ಲಿ ಮಂಡಿಯೂರಿ ಕೈಮುಗಿದು ಬೇಡುತ್ತಾನೆ. ಐದನೇ ನಿಮಿಷಕ್ಕೆ ಮೋಸದ ಒಂದು ಏಟು, ಅಲ್ಲಿಂದ ಹತ್ತನೇ ನಿಮಿಷದವರೆಗೆ ನಾಯಕನಿಗೆ ಬರೀ ಪೆಟ್ಟು. ಈ ಐದು ನಿಮಿಷದಲ್ಲಿ ನಾಯಕ ಎರಡು ಸಲ ಏಳಲು ನೋಡಬೇಕು, ಎರಡು ಸಲವೂ ಖಳ ಅವನನ್ನು ಕೆಡವಬೇಕು. ಮೊದಲ ಸಲ ಅರ್ಧ ಎದ್ದರೆ ಎರಡನೆಯ ಸಲ ಪೂರ್ತಿ ಎದ್ದು ನಿಂತಿರಲಿ. ಮೂರನೆಯ ಸಲ ಏಳುವುದೇ ಕೊನೆಯ ಎರಡು ನಿಮಿಷದ ತಿರುಗೇಟು.

ಹೊಸಬರು ಎಡವುವುದು ಮೂರು ಕಡೆ. ನಾಯಕ ಅವಸರಪಟ್ಟು ಏಳನೇ ನಿಮಿಷಕ್ಕೇ ತಿರುಗಿಬೀಳುತ್ತಾನೆ, ಆಗ ಜನರ ಸಿಟ್ಟು ಇನ್ನೂ ಕುದಿಯುವ ಹಂತಕ್ಕೆ ಬಂದಿರುವುದಿಲ್ಲ. ಖಳನಿಗೆ ಪಲ್ಟಿ ಹೊಡೆಯುವ ಚಪಲವಿರುತ್ತದೆ, ಪಲ್ಟಿ ಚೆನ್ನಾಗಿದ್ದರೆ ಜನ ಚಪ್ಪಾಳೆ ತಟ್ಟುತ್ತಾರೆ, ಚಪ್ಪಾಳೆ ಬಿದ್ದ ಖಳ ಆ ರಾತ್ರಿಗೆ ಮುಗಿದಂತೆ. ಪೆಟ್ಟು ಕೊಡುವ ಐದು ನಿಮಿಷದಲ್ಲಿ ಒಂದೊಂದು ಸಲ ಒಂದೊಂದು ಅಂಗಕ್ಕೆ ಹೊಡೆಯುವುದು ಮೂರನೆಯ ತಪ್ಪು. ಎಡತೋಳು ಎಂದರೆ ಕೊನೆಯವರೆಗೂ ಎಡತೋಳೇ.

ಐದು ಪ್ರದರ್ಶನಗಳ ಹಗೆ

ಹಗೆಯನ್ನು ನಡೆಸುವ ಸೂತ್ರ ಒಂದೇ. ಖಳ ಈ ಪಂದ್ಯದಲ್ಲಿ ಯಾವ ಬಾಗಿಲಿನಿಂದ ತಪ್ಪಿಸಿಕೊಂಡನೋ, ಮುಂದಿನ ಪಂದ್ಯದ ನಿಯಮ ಆ ಬಾಗಿಲನ್ನು ಮುಚ್ಚಬೇಕು.

ಎರಡು ವಾರಕ್ಕೊಮ್ಮೆಯಂತೆ ಐದು ಪ್ರದರ್ಶನ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಖಳ ನಾಯಕನ ಗೆಳೆಯನನ್ನು ಮೋಸದಿಂದ ಸೋಲಿಸಿ, ಗಂಟೆ ಹೊಡೆದ ಮೇಲೂ ಬಿಡದೆ ಹೊಡೆಯುತ್ತಾನೆ. ನಾಯಕ ಓಡಿಬರುವಷ್ಟರಲ್ಲಿ ಜಾಗ ಖಾಲಿ ಮಾಡುತ್ತಾನೆ. ಎರಡನೆಯದರಲ್ಲಿ ಇಬ್ಬರೂ ಮುಖಾಮುಖಿ, ನಾಯಕನದೇ ಮೇಲುಗೈ. ಸೋಲು ಖಚಿತವೆನಿಸಿದಾಗ ಖಳ ಬೇಕೆಂದೇ ನಿಯಮ ಮುರಿದು ಡಿಸ್‌ಕ್ವಾಲಿಫೈ ಆಗುತ್ತಾನೆ. ಪಟ್ಟ ಖಳನ ಬಳಿಯಿದ್ದರೆ, ಹಾಗೆ ಸೋತರೂ ಅದು ಅವನ ಕೈಬಿಡುವುದಿಲ್ಲ ಎಂಬುದು ಹಳೆಯ ನಿಯಮ, ಅದನ್ನು ಅನೌನ್ಸರ್ ಮೈಕಿನಲ್ಲಿ ಸ್ಪಷ್ಟವಾಗಿ ಹೇಳಬೇಕು. ಮೂರನೆಯದು ಡಿಸ್‌ಕ್ವಾಲಿಫಿಕೇಶನ್ ಇಲ್ಲದ ಪಂದ್ಯ. ಆ ಬಾಗಿಲು ಮುಚ್ಚಿತು, ಆದರೆ ಈಗ ಮ್ಯಾನೇಜರ್ ಕಾಲು ಹಿಡಿದೆಳೆಯಲು ಯಾರ ಅಡ್ಡಿಯೂ ಇಲ್ಲ, ಖಳ ಪಿನ್ ಮಾಡಿ (ಎದುರಾಳಿಯ ಭುಜಗಳನ್ನು ಮೂರು ಎಣಿಸುವವರೆಗೆ ನೆಲಕ್ಕೊತ್ತಿ) ಗೆಲ್ಲುತ್ತಾನೆ. ನಾಲ್ಕನೆಯದರಲ್ಲಿ ಮ್ಯಾನೇಜರನಿಗೆ ನಾಯಕನ ಗೆಳೆಯನ ಜತೆ ಕೈಕೋಳ ಹಾಕಿ ಕೂರಿಸಿ. ಸಹಾಯವಿಲ್ಲದ ಖಳ ರಿಂಗು ಬಿಟ್ಟು ಓಡುತ್ತಾನೆ, ನಾಯಕ ಅಟ್ಟಿಸಿಕೊಂಡು ಹೋಗುತ್ತಾನೆ, ಇಬ್ಬರೂ ಎಣಿಕೆ ಮೀರಿ ಹೊರಗುಳಿಯುತ್ತಾರೆ. ಐದನೆಯದು ಪಂಜರದೊಳಗೆ. ಓಡಲು ದಾರಿಯಿಲ್ಲ, ಮ್ಯಾನೇಜರ್ ಒಳಬರುವಂತಿಲ್ಲ, ಡಿಸ್‌ಕ್ವಾಲಿಫಿಕೇಶನ್ ಇಲ್ಲ. ಇಲ್ಲಿ ನಾಯಕ ಗೆಲ್ಲಲೇಬೇಕು, ರಿಂಗಿನ ನಟ್ಟನಡುವೆ, ಮೂರು ಎಣಿಕೆಗೆ, ಯಾವ ತಕರಾರೂ ಇಲ್ಲದೆ. ಪಂಜರಕ್ಕೆ ದುಡ್ಡಿಲ್ಲದಿದ್ದರೆ ರಿಂಗಿನ ಸುತ್ತ ಹತ್ತು ಹನ್ನೆರಡು ಕುಸ್ತಿಪಟುಗಳನ್ನು ನಿಲ್ಲಿಸಿ, ಹೊರಬಿದ್ದವನನ್ನು ಅವರು ಒಳಕ್ಕೆ ನೂಕಲಿ. ಅದೂ ಅಷ್ಟೇ ಕೆಲಸ ಮಾಡುತ್ತದೆ.

ಜನರಿಗೆ ತೃಪ್ತಿಯೂ ಸಿಗಬೇಕು, ಹಗೆಯೂ ಉಳಿಯಬೇಕು ಎಂದಾಗ 1982ರ ಏಪ್ರಿಲ್ 5ರ ಮೆಂಫಿಸ್ ಪಂದ್ಯವನ್ನು ಓದಿಕೊಳ್ಳಿ. ಮೆಂಫಿಸ್‌ನ ನಾಯಕ ಜೆರ್ರಿ ಲಾಲರ್ ಕಾಫ್‌ಮನ್‌ನನ್ನು ತಲೆಕೆಳಗಾಗಿ ಹಿಡಿದು ಪೈಲ್‌ಡ್ರೈವರ್ ಹಾಕಿದ. ಆ ಪಟ್ಟು ಅಲ್ಲಿ ನಿಷಿದ್ಧವಾಗಿದ್ದರಿಂದ ಲಾಲರ್ ಡಿಸ್‌ಕ್ವಾಲಿಫೈ ಆದ. ಜನರಿಗೆ ಬೇಕಾದ ಏಟು ಸಿಕ್ಕಿತು, ದಾಖಲೆಯಲ್ಲಿ ಗೆದ್ದವನು ಖಳ. ಕತ್ತಿಗೆ ಪಟ್ಟಿ ಕಟ್ಟಿಕೊಂಡ ಕಾಫ್‌ಮನ್ ಅದನ್ನೇ ಇಟ್ಟುಕೊಂಡು ತಿಂಗಳುಗಟ್ಟಲೆ ಬೆಳೆಸಿದ. ಜುಲೈನಲ್ಲಿ ಡೇವಿಡ್ ಲೆಟರ್‌ಮನ್‌ನ ರಾಷ್ಟ್ರಮಟ್ಟದ ಟಿವಿ ಕಾರ್ಯಕ್ರಮದಲ್ಲಿ ಲಾಲರ್ ಅವನ ಕೆನ್ನೆಗೆ ಬಾರಿಸಿದಾಗ ಇಡೀ ದೇಶ ನೋಡಿತು.

ಒಂದೇ ಒಂದು ಘಟನೆಯಿಂದ ದೊಡ್ಡ ಮೈದಾನ ತುಂಬಿಸಬಹುದೇ? ಲಾಸ್ ಏಂಜಲೀಸ್‌ನಲ್ಲಿ 1971ರ ಬೇಸಿಗೆಯ ಮುನ್ನ ಜಾನ್ ಟೋಲೋಸ್ ಎಂಬ ಖಳ, ವೈದ್ಯರ ಚೀಲದಿಂದ ರಕ್ತ ನಿಲ್ಲಿಸುವ ಪುಡಿ ಕಸಿದು ಫ್ರೆಡ್ ಬ್ಲಾಸ್ಸಿಯ ಕಣ್ಣಿಗೆ ಎರಚಿದ. ಕಣ್ಣು ಹೋಯಿತೆಂದು ಸಾರಿ, ಬ್ಲಾಸ್ಸಿಯನ್ನು ತಿಂಗಳುಗಟ್ಟಲೆ ರಿಂಗಿನಿಂದ ದೂರವಿಟ್ಟರು. ಆಗಸ್ಟ್ 27ರಂದು ಮೆಮೋರಿಯಲ್ ಕಲೀಸಿಯಮ್‌ನಲ್ಲಿ ಇಬ್ಬರೂ ಎದುರಾದಾಗ 25,847 ಜನ ಸೇರಿದ್ದರು. ಬ್ಲಾಸ್ಸಿಯೂ ಅದೇ ಊರಿನಲ್ಲಿ ವರ್ಷಗಟ್ಟಲೆ ಜನ ಬೈದ ಖಳನಾಗಿದ್ದವನೇ. ಆ ಕಾಯುವ ತಿಂಗಳುಗಳೇ ಟಿಕೆಟ್ ಮಾರಿದವು. ಗಾಯಗೊಂಡ ನಾಯಕನನ್ನು ಮರುವಾರವೇ ರಿಂಗಿಗೆ ತರುವ ಅವಸರ ಎಂಥ ಒಳ್ಳೆಯ ಘಟನೆಯನ್ನೂ ಕೊಲ್ಲುತ್ತದೆ.

ಕಾವಲು

ಖಳ ನಿಜವಾಗಿ ಕೆಲಸ ಮಾಡಿದರೆ ಅಪಾಯವೂ ನಿಜವೇ. 1974ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಆಕ್ಸ್ ಬೇಕರ್ ಎಂಬ ಖಳ, ಬಿದ್ದಿದ್ದ ಎದುರಾಳಿ ಎರ್ನಿ ಲ್ಯಾಡ್‌ನ ಎದೆಗೆ ಗುದ್ದುತ್ತಲೇ ಹೋದಾಗ ಜನ ಕುರ್ಚಿಗಳನ್ನು ರಿಂಗಿಗೆ ಎಸೆದು ದೊಂಬಿಯೆದ್ದರು. 1976ರಲ್ಲಿ ದಕ್ಷಿಣ ಕರೊಲಿನಾದ ಗ್ರೀನ್‌ವಿಲ್‌ನಲ್ಲಿ ಓಲಿ ಆ್ಯಂಡರ್ಸನ್ ಎಂಬ ಖಳನಿಗೆ ಚೂರಿ ಹಾಕಿದವನು ಒಬ್ಬ ವೃದ್ಧ ಪ್ರೇಕ್ಷಕ. ಮುಂದಿನ ಸಾಲಿಗೂ ರಿಂಗಿಗೂ ಕನಿಷ್ಠ ಎರಡು ಮೀಟರ್ ಬಿಡಿ, ನಡುವೆ ಕಬ್ಬಿಣದ ಬೇಲಿ ಇರಲಿ. ಮಡಚುವ ಕುರ್ಚಿಗಳನ್ನು ನಾಲ್ಕು ನಾಲ್ಕರಂತೆ ಒಂದಕ್ಕೊಂದು ಕಟ್ಟಿ. ಗಾಜಿನ ಬಾಟಲಿ ಒಳಗೆ ಬಿಡಬೇಡಿ. ಖಳ ಹೊರಹೋಗುವ ದಾರಿ ನಾಯಕನ ದಾರಿಗಿಂತ ಬೇರೆಯಾಗಿರಲಿ, ಮುಂದಿಬ್ಬರು ಹಿಂದಿಬ್ಬರು ಕಾವಲಿನವರು ಇರಲಿ, ಅವನ ಗಾಡಿ ಹಿಂಬಾಗಿಲಲ್ಲಿ ಹೊರಮುಖವಾಗಿ ನಿಂತಿರಲಿ. ಸೋತ ರಾತ್ರಿಗಿಂತ ಮೋಸದಿಂದ ಗೆದ್ದ ರಾತ್ರಿ ಕಾವಲು ದುಪ್ಪಟ್ಟು ಮಾಡಿ.

ಡೆಟ್ರಾಯಿಟ್ ಏಕೆ ಮುಳುಗಿತು

ಶೇಖ್ ಇಲಾಕೆಯ ಯಜಮಾನನೂ ಹೌದು, ಬುಕರನೂ ಹೌದು, ಮುಖ್ಯ ಖಳನೂ ಹೌದು. ಕೊನೆಯ ಬಾಗಿಲು ಮುಚ್ಚಬೇಕಾದಾಗ ಬೀಗದ ಕೈ ಅವನ ಕಿಸೆಯಲ್ಲೇ ಇತ್ತು. ಟೊರಾಂಟೊದ ಮೇಪಲ್ ಲೀಫ್ ಗಾರ್ಡನ್ಸ್‌ನಲ್ಲಿ ಅಲ್ಲಿನ ಪ್ರವರ್ತಕ ಫ್ರ್ಯಾಂಕ್ ಟನ್ನಿ ಅವನನ್ನು 1969ರಿಂದ 1974ರವರೆಗೆ ಸೋಲಿಲ್ಲದ ಖಳನಾಗಿ ಆಡಿಸಿದ. ಒಬ್ಬರಾದ ಮೇಲೊಬ್ಬ ನಾಯಕ ಬಂದು ಸೋಲುತ್ತಿದ್ದಾಗ ಶುರುವಿಗೆ ಸಭಾಂಗಣ ತುಂಬಿತು. ಇವನನ್ನು ಯಾರಾದರೂ ಸೋಲಿಸಿಯೇ ತೀರುತ್ತಾರೆ ಎಂಬ ನಂಬಿಕೆ ಇರುವವರೆಗೆ ಜನ ಬಂದರು. ಆ ನಂಬಿಕೆ ಸವೆದ ಮೇಲೆ ಬರುವುದು ಕಡಿಮೆಯಾಯಿತು, 1977ರ ಹೊತ್ತಿಗೆ ಅಲ್ಲಿ ಅವನ ಆಟ ಮುಗಿದಿತ್ತು.

ಡೆಟ್ರಾಯಿಟ್‌ನ ಕೋಬೋ ಅರೀನಾದಲ್ಲೂ ಅದೇ ಕಥೆ. ಕೆಲವೇ ನಿಮಿಷದ ಪಂದ್ಯ, ಅರೆಬರೆ ಮುಕ್ತಾಯ, ಮತ್ತೆ ಅದೇ ಮುಖ. 1971ರಿಂದ ಡಿಕ್ ದಿ ಬ್ರೂಸರ್ ಎಂಬ ಕುಸ್ತಿಪಟು ಅದೇ ಊರಿಗೆ ಎದುರು ಕಂಪನಿ ತಂದು ಕೆಲವು ವರ್ಷ ಒಲಿಂಪಿಯಾ ಸಭಾಂಗಣದಲ್ಲಿ ಪಂದ್ಯ ನಡೆಸಿದ್ದರಿಂದ ಪ್ರೇಕ್ಷಕರೂ ಹಂಚಿಹೋಗಿದ್ದರು. ಎಪ್ಪತ್ತರ ದಶಕದ ಕೊನೆಗೆ ಕಾರು ಕಾರ್ಖಾನೆಗಳ ಸಂಕಟವೂ ಸೇರಿತು. ಆದರೆ ಕಾರಣಗಳಲ್ಲಿ ಮೊದಲನೆಯದು ಖಳ ಸೋಲದೇ ಇದ್ದದ್ದು ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಅದೇ ಶೇಖ್ ಬೇರೆಯವರ ಬುಕಿಂಗ್‌ನಲ್ಲಿ ಏನು ಮಾಡಬಲ್ಲ ಎಂಬುದನ್ನು 1977ರ ಡಿಸೆಂಬರ್ 15ರಂದು ಟೋಕಿಯೊದಲ್ಲಿ ನೋಡಬಹುದು. ಫಂಕ್ ಸೋದರರ ಎದುರಿನ ಜೋಡಿ ಪಂದ್ಯದಲ್ಲಿ ಅವನೂ ಅಬ್ದುಲ್ಲಾ ದಿ ಬುಚರ್ ಎಂಬ ಇನ್ನೊಬ್ಬ ಖಳನೂ ಕೂಡಿ ಟೆರ್ರಿ ಫಂಕ್‌ನ ತೋಳಿಗೆ ಫೋರ್ಕ್‌ನಿಂದ ಇರಿದರು. ಗಾಯದ ತೋಳಿಗೆ ಬಟ್ಟೆ ಸುತ್ತಿಕೊಂಡು ಟೆರ್ರಿ ತಿರುಗಿಬಿದ್ದ, ಗೆಲುವು ಫಂಕ್ ಸೋದರರದಾಯಿತು. ಅಮೆರಿಕದಿಂದ ಬಂದ ಆ ಸೋದರರನ್ನು ಜಪಾನಿನ ಜನ ತಮ್ಮವರೆಂದೇ ಅಪ್ಪಿಕೊಂಡರು.

ಆದ್ದರಿಂದ ಯಜಮಾನನೇ ಖಳನಾಗಿದ್ದರೆ ಬುಕಿಂಗ್ ಇನ್ನೊಬ್ಬರಿಗೆ ಬಿಟ್ಟುಕೊಡಿ. ಒಂದು ನೋಟ್‌ಬುಕ್ ಇಟ್ಟು ಪ್ರತಿ ಪ್ರದರ್ಶನಕ್ಕೂ ದಿನ, ಊರು, ಮುಖ್ಯ ಪಂದ್ಯ, ಮುಕ್ತಾಯದ ಬಗೆ, ಪಂದ್ಯದ ನಿಮಿಷ, ಮಾರಾಟವಾದ ಟಿಕೆಟ್ ಬರೆದಿಡಿ. ಪುಕ್ಕಟೆ ಪಾಸುಗಳನ್ನು ಬೇರೆ ಕಾಲಮ್ಮಿನಲ್ಲಿ ಹಾಕಿ, ಇಲ್ಲದಿದ್ದರೆ ಲೆಕ್ಕ ನಿಮ್ಮನ್ನೇ ಮೋಸಗೊಳಿಸುತ್ತದೆ. ಒಂದೇ ಊರಿನಲ್ಲಿ ತೀರ್ಮಾನವಿಲ್ಲದ ಮುಕ್ತಾಯ ಸತತ ಮೂರನೇ ಸಲ ಬಂದರೆ, ಅಥವಾ ಅದೇ ಇಬ್ಬರ ಪಂದ್ಯಕ್ಕೆ ಟಿಕೆಟ್ ಎರಡು ಸಲ ಇಳಿದರೆ, ಮುಂದಿನ ಪ್ರದರ್ಶನದಲ್ಲೇ ಹಗೆ ಮುಗಿಸಿ. ಯೋಜನೆಯಲ್ಲಿ ಇನ್ನೂ ಎರಡು ಪಂದ್ಯ ಉಳಿದಿದ್ದರೂ ಸರಿ.

ಹೊರಡುವ ಖಳ

ಪಂಜರದಲ್ಲಿ ಸೋತ ಖಳನನ್ನು ಅದೇ ಊರಿನಲ್ಲಿ ಸುಮ್ಮನೆ ತಿರುಗಲು ಬಿಡಬೇಡಿ. ಇಲಾಕೆಗಳ ಕಾಲದಲ್ಲಿ ಸೋತವನು ಊರು ಬಿಡಬೇಕು ಎಂಬ ಷರತ್ತಿನ ಪಂದ್ಯ ಆಡಿಸಿ ಇನ್ನೊಂದು ಇಲಾಕೆಗೆ ಕಳಿಸುತ್ತಿದ್ದರು, ವರ್ಷ ಕಳೆದು ಬಂದಾಗ ಅವನು ಮತ್ತೆ ಹೊಸಬ. ಪಂಜಾಬಿನ ಲುಧಿಯಾನ ಕಡೆಯಿಂದ ಕೆನಡಾಕ್ಕೆ ಹೋದ ಟೈಗರ್ ಜೀತ್ ಸಿಂಗ್ ಟೊರಾಂಟೊದಲ್ಲಿ ಶೇಖ್‌ಗೆ ಎದುರಾಳಿ. ಆದರೆ ಜಪಾನಿಗೆ ಹೋದಾಗ ಅವನೇ ಅಲ್ಲಿನ ಭಯಂಕರ ಖಳ, 1973ರಲ್ಲಿ ಟೋಕಿಯೊದ ಶಿಂಜುಕುವಿನಲ್ಲಿ ನಡುಬೀದಿಯಲ್ಲೇ ಜಪಾನಿನ ನಾಯಕ ಕುಸ್ತಿಪಟು ಆಂಟೋನಿಯೊ ಇನೋಕಿಯ ಮೇಲೆ ಬಿದ್ದವನು. ಊರು ಬದಲಾದರೆ ಪಾತ್ರ ಬದಲಾಗುತ್ತದೆ.

ಕೊನೆಯ ಮೂರು ಪ್ರದರ್ಶನಗಳನ್ನು ಹೀಗೆ ಹಂಚಿಕೊಳ್ಳಿ. ಮೊದಲನೆಯದರಲ್ಲಿ ಹೊರಡುವ ಖಳ ಹಳೆಯ ನಾಯಕನಿಗೆ ನೇರವಾಗಿ ಸೋಲುತ್ತಾನೆ. ಎರಡನೆಯದರಲ್ಲಿ ಇನ್ನೂ ಹೆಸರಾಗದ ಒಬ್ಬ ಹುಡುಗನಿಗೆ, ಹತ್ತು ನಿಮಿಷದೊಳಗೆ, ಸೋಲುತ್ತಾನೆ. ಆ ಹುಡುಗನಿಗೆ ಇದಕ್ಕಿಂತ ದೊಡ್ಡ ಬಂಡವಾಳ ಇನ್ನೊಂದಿಲ್ಲ. ಮೂರನೆಯದರಲ್ಲಿ ಅವನ ಮ್ಯಾನೇಜರ್ ಅವನನ್ನೇ ಕೈಬಿಟ್ಟು, ಹೊಸ ಖಳನ ತೋಳು ಹಿಡಿದು ರಿಂಗಿಗೆ ಬರುತ್ತಾನೆ. ಹಳಬನಿಗೆ ಬಿದ್ದ ಬೈಗುಳವೆಲ್ಲ ಮ್ಯಾನೇಜರನ ಮೂಲಕ ಹೊಸಬನಿಗೆ ದಾಟುತ್ತದೆ. ಹೊಸಬನಿಗೆ ರಿಂಗಿನ ಕೆಲಸ ಕಲಿಸಲು ಹಳಬನನ್ನೇ ಕೇಳಿಕೊಳ್ಳಿ. ಇಲಾಕೆ ಮುಚ್ಚಿದ ಮೇಲೆ ಶೇಖ್ ಮಾಡಿದ್ದೂ ಅದನ್ನೇ: ‘ಸಾಬು’ ಎಂದು ಹೆಸರಾದ ಸೋದರಳಿಯನನ್ನೂ ರಾಬ್ ವ್ಯಾನ್ ಡ್ಯಾಮ್ ಎಂಬ ಕುಸ್ತಿಪಟುವನ್ನೂ ತಯಾರು ಮಾಡಿದ. 2007ರಲ್ಲಿ, ಶೇಖ್ ತೀರಿಕೊಂಡು ನಾಲ್ಕು ವರ್ಷದ ಮೇಲೆ, ಡಬ್ಲ್ಯೂಡಬ್ಲ್ಯೂಇ ಹಾಲ್ ಆಫ್ ಫೇಮ್‌ಗೆ ಅವನನ್ನು ಸೇರಿಸಿದವರು ಆ ಇಬ್ಬರು ಶಿಷ್ಯರು.